ಪಾಠಕ್ಕೆ ವಿನಾಯಿತಿಯಲ್ಲ, ಮಾರ್ಪಾಡು

ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿಯನ್ನು ಸೇರುವ ನೊಯ್ಯಲ್ ನದಿಯ ಪಾಠವನ್ನು ಈ ಎರಡು ಜಿಲ್ಲೆಗಳ ಮಕ್ಕಳಿಗೆ ಕಲಿಸುವುದು ಸುಲಭವೆಂದು ತೋರುತ್ತದೆ. ಹಲಗೆಯ ಮೇಲೆ ನಕ್ಷೆ ಬರೆದರಾಯಿತು. ಆದರೆ ಕಣ್ಣು ಕಾಣದ ಮಗುವಿಗೆ ಆ ಗೆರೆಯೇ ಇಲ್ಲ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ನಕ್ಷೆಯಲ್ಲಿನ ಹೆಸರುಗಳೇ ತೊಡಕು. ಕಿವಿ ಕೇಳದ ಮಗುವಾದರೋ ಶಿಕ್ಷಕರು ಹಲಗೆಯತ್ತ ಮುಖ ತಿರುಗಿಸಿ ಮಾತನಾಡಿದೊಡನೆ ಪಾಠದಿಂದ ಹೊರಗುಳಿಯುತ್ತದೆ.

ಇಂತಹ ಮಕ್ಕಳಿಗಾಗಿ ಪಾಠವನ್ನು ಹೊಂದಿಸುವ ವಿದ್ಯೆ ಕೊಯಮತ್ತೂರಿಗೆ ಹೊಸದಲ್ಲ. ಪೆರಿಯನಾಯ್ಕನ್‌ಪಾಳಯದ ರಾಮಕೃಷ್ಣ ಮಿಷನ್ ವಿದ್ಯಾಲಯದ ಆವರಣದಲ್ಲಿ ವಿಶೇಷ ಶಿಕ್ಷಕರನ್ನು ತರಬೇತುಗೊಳಿಸುವ ವಿಭಾಗವಿದೆ. ಅಂಧ ಮಕ್ಕಳ ಶಿಕ್ಷಣದಲ್ಲಿ ಹೆಸರಾದ ಎಂ.ಎನ್.ಜಿ. ಮಣಿ ಅವರ ಕಾರ್ಯಕ್ಷೇತ್ರವೂ ಈ ನಗರವೇ.

ವಿಶೇಷ ಶಿಕ್ಷಣದ ತರಬೇತಿಯಲ್ಲಿ ನಾಲ್ಕು ಮಾರ್ಗಗಳನ್ನು ಹೇಳಿಕೊಡಲಾಗುತ್ತದೆ. ಮೊದಲನೆಯದು, ಪಾಠವನ್ನು ಇದ್ದಂತೆಯೇ ಬ್ರೈಲ್ ಅಥವಾ ಧ್ವನಿಮುದ್ರಣದಲ್ಲಿ ಒದಗಿಸುವುದು. ಎರಡನೆಯದು ಮಾರ್ಪಾಡು: ರಟ್ಟಿನ ಮೇಲೆ ನೂಲು ಅಂಟಿಸಿ, ಊರುಗಳಿರುವಲ್ಲಿ ಗಂಟು ಹಾಕಿದರೆ ನೊಯ್ಯಲ್ ಬೆರಳಿಗೆ ಸಿಗುತ್ತದೆ. ಗುಂಡಿಗಳನ್ನು ಡಜನ್ ಲೆಕ್ಕದಲ್ಲಿ ಕಟ್ಟಿಟ್ಟರೆ ಬುದ್ಧಿ ಬೆಳವಣಿಗೆ ನಿಧಾನವಾದ ಮಗುವಿಗೆ ಹನ್ನೆರಡರ ಮಗ್ಗಿ ಕೈಗೆಟುಕುತ್ತದೆ. ಮೂರನೆಯದು ಬದಲಿ: ಆಮ್ಲ–ಪ್ರತ್ಯಾಮ್ಲಗಳ ಪಾಠದಲ್ಲಿ ಲಿಟ್ಮಸ್ ಕಾಗದದ ಬಣ್ಣ ಕಾಣದ ಮಗು ಈರುಳ್ಳಿಯ ವಾಸನೆಯಿಂದ ಅದನ್ನೇ ತಿಳಿಯಬಲ್ಲದು, ಆಮ್ಲದಲ್ಲಿ ಆ ವಾಸನೆ ಉಳಿಯುತ್ತದೆ, ಪ್ರತ್ಯಾಮ್ಲದಲ್ಲಿ ಅಡಗುತ್ತದೆ. ನಾಲ್ಕನೆಯದು, ಬೇರಾವ ದಾರಿಯೂ ಇಲ್ಲದಾಗ ಮಾತ್ರ ಆ ಭಾಗವನ್ನು ಬಿಡುವುದು.

ಕೊನೆಯದಾಗಬೇಕಾದ ಈ ದಾರಿ ಹಲವೆಡೆ ಮೊದಲನೆಯದಾಗುತ್ತದೆ. “ಅವನಿಗೆ ಇದು ಬೇಡ, ಸುಮ್ಮನೆ ಕುಳಿತಿರಲಿ” ಎಂಬ ಮಾತು ಕರುಣೆಯಂತೆ ಕೇಳಿಸಿದರೂ ಅದರಿಂದ ಮಗುವಿಗಾಗುವುದು ನಷ್ಟವೇ.

ಕಾನೂನಿನ ಆಶಯವೂ ಅದಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 17ನೆಯ ಕಲಮು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಹೆಸರಿಸುತ್ತದೆ. ಆದರೆ ಅದೇ ಉಪಕಲಮು ಪಠ್ಯಕ್ರಮದಲ್ಲಿಯೂ ತಕ್ಕ ಮಾರ್ಪಾಡು ಮಾಡಬೇಕೆನ್ನುತ್ತದೆ. 16ನೆಯ ಕಲಮು ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನೂ, ಕಲಿಕಾ ನ್ಯೂನತೆಗಳನ್ನು ಆದಷ್ಟು ಬೇಗ ಗುರುತಿಸುವುದನ್ನೂ ಶಾಲೆಯ ಕರ್ತವ್ಯವಾಗಿಸಿದೆ. ಶೇ. 40ರ ಪ್ರಮಾಣಪತ್ರ ಇಲ್ಲದವರಿಗೂ ಯುಕ್ತ ಹೊಂದಾಣಿಕೆಯನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಪರೀಕ್ಷೆಯ ರಿಯಾಯಿತಿ ವರ್ಷದ ಕೆಲವು ದಿನಗಳದು. ಪಾಠವಾದರೋ ವರ್ಷವಿಡೀ ನಡೆಯುವಂಥದು. ಕಲಿಸದೆ ಬಿಟ್ಟುದನ್ನು ಬರೆಯಲು ಒಂದು ಗಂಟೆ ಹೆಚ್ಚು ಕೊಟ್ಟು ಫಲವೇನು?

ಮನೆಮಾತು ಕನ್ನಡವಾಗಿರುವ ಇಲ್ಲಿನ ಕುಟುಂಬಗಳಿಗೆ ಇನ್ನೊಂದು ಎಚ್ಚರವೂ ಅಗತ್ಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ತಮಿಳು ಇಲ್ಲವೇ ಇಂಗ್ಲಿಷ್. ಇದರ ನಡುವೆ ತಡವರಿಸುವ ಮಗುವನ್ನು ಮಂದಬುದ್ಧಿಯೆಂದು ತಪ್ಪು ತಿಳಿಯುವುದುಂಟು. ಅದಕ್ಕೆ ವಿರುದ್ಧವಾಗಿ, ನಿಜವಾದ ಕಲಿಕಾ ನ್ಯೂನತೆಯನ್ನು “ಭಾಷೆ ಬಂದರೆ ಸರಿಹೋದೀತು” ಎಂದು ವರ್ಷಗಟ್ಟಲೆ ಅಲಕ್ಷಿಸುವುದೂ ಉಂಟು. ಆದ್ದರಿಂದ ಪರಿಶೀಲನೆಗೆ ಕರೆದೊಯ್ದಾಗ ಮನೆಮಾತು ಯಾವುದೆಂದು ಪಾಲಕರು ಮೊದಲೇ ತಿಳಿಸಬೇಕು. ಮಗುವಿಗೆ ಕನ್ನಡದಲ್ಲಿಯೂ ಪ್ರಶ್ನೆಗಳನ್ನು ಕೇಳುವಂತೆ ಕೋರಬೇಕು. ಕನ್ನಡದಲ್ಲಿ ಕತೆಯನ್ನು ಸರಾಗವಾಗಿ ಹೇಳುವ ಮಗುವಿನ ತೊಡಕು ಬೇರೆ, ಯಾವ ಲಿಪಿಯ ಅಕ್ಷರವೂ ಹಿಡಿತಕ್ಕೆ ಬಾರದ ಮಗುವಿನ ತೊಡಕು ಬೇರೆ. ಒಂದೇ ಮಗುವಿನಲ್ಲಿ ಎರಡೂ ಇರಬಹುದು.

ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಪಾಲಕರು ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಮನವಿ ಸಲ್ಲಿಸಿ, ಅದರ ಪ್ರತಿಗೆ ಸ್ವೀಕೃತಿ ಪಡೆದಿರಿಸಿಕೊಳ್ಳುವುದು ಒಳಿತು. ಮಗುವಿಗೆ ಯಾವ ವಿಷಯದಲ್ಲಿ ಏನು ತೊಡಕು, ಏನಿದ್ದರೆ ಅನುಕೂಲ ಎಂಬುದು ಅದರಲ್ಲಿರಲಿ. ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಈ ಮಕ್ಕಳ ಪ್ರವೇಶ ಮತ್ತು ಸೌಲಭ್ಯಗಳಿಗಾಗಿಯೇ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಶಾಲೆಯಲ್ಲಿ ಉತ್ತರ ದೊರೆಯದಿದ್ದರೆ ಅಲ್ಲಿಗೆ, ಅನಂತರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು.

ಪರೀಕ್ಷೆಯಲ್ಲಿ ಏನು ರಿಯಾಯಿತಿ ಸಿಗುತ್ತದೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ವಾರದ ಪಾಠ ನಮ್ಮ ಮಗುವಿಗೆ ಹೇಗೆ ತಲುಪುತ್ತದೆ?