ಬೆಂಗಳೂರಲ್ಲಿ ಮೊಬೈಲ್ ಕಳುವಾದ್ರೆ ಯಾವ ಠಾಣೆಗೆ ಹೋಗ್ಬೇಕು? ಎಸ್ಪಿ ಬೇರೆ, ಕಮಿಷನರ್ ಬೇರೆ, ಇಲ್ಲಿದೆ ಮಾಹಿತಿ

ತುಮಕೂರು: ನಮ್ಮ ಜಿಲ್ಲೆಯಿಂದ ದಿನಾ ರೈಲು, ಬಸ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರೋರು ಬಹಳ ಜನ. ಅಲ್ಲಿ ಮೊಬೈಲೋ ಪರ್ಸೋ ಕಳುವಾದರೆ ಯಾವ ಠಾಣೆಗೆ ಹೋಗಬೇಕು? "ಇದು ನಮ್ಮ ಲಿಮಿಟ್ಸ್ ಅಲ್ಲ" ಅಂದರೆ ಯಾರನ್ನ ಕೇಳಬೇಕು? ಬೆಂಗಳೂರಿನ ಪೊಲೀಸ್ ವ್ಯವಸ್ಥೆ ನಮ್ಮ ಜಿಲ್ಲೆಯ ಥರ ಇಲ್ಲ. ಅದನ್ನು ತಿಳಿದುಕೊಂಡರೆ ಅಲೆದಾಟ ತಪ್ಪುತ್ತದೆ.

ಏನಿದು ಕಮಿಷನರೇಟ್?

ಜಿಲ್ಲೆಗೆ ಎಸ್ಪಿ ಮುಖ್ಯಸ್ಥರು. ಆದರೆ ನಿಷೇಧಾಜ್ಞೆ ಹಾಕಬೇಕಂದ್ರೆ ಸಾಮಾನ್ಯವಾಗಿ ಆದೇಶ ಹೊರಡೋದು ಡಿಸಿ ಇಲ್ಲವೇ ತಹಶೀಲ್ದಾರ್ ಕಚೇರಿಯಿಂದ. ಬೆಂಗಳೂರು ನಗರದಲ್ಲಿ ಈ ಅಧಿಕಾರ ಪೊಲೀಸ್ ಕಮಿಷನರ್ ಕೈಯಲ್ಲೇ ಇದೆ.

ಇದು ಬ್ರಿಟಿಷರ ಕಾಲದ ಪದ್ಧತಿ. ಕಲ್ಕತ್ತಾ, ಮದ್ರಾಸ್, ಬಾಂಬೆ ನಗರಗಳಿಗೆ 1856ರಲ್ಲೇ ಪ್ರತ್ಯೇಕ ಪೊಲೀಸ್ ಕಾಯ್ದೆ ಬಂತು. ಉಳಿದ ಕಡೆ 1861ರ ಕಾಯ್ದೆ ಪ್ರಕಾರ ಎಸ್ಪಿ, ಜಿಲ್ಲಾ ಮ್ಯಾಜಿಸ್ಟ್ರೇಟರ ನಿಯಂತ್ರಣದಲ್ಲಿ ಕೆಲಸ ಮಾಡಬೇಕಿತ್ತು. ಬೆಂಗಳೂರಿಗೆ ಕಮಿಷನರ್ ಬಂದಿದ್ದು 1963ರಲ್ಲಿ. ಸಿ. ಚಾಂಡಿ ಮೊದಲ ಕಮಿಷನರ್. ಮುಂದೆ ಮಂಗಳೂರು (2010), ಬೆಳಗಾವಿ (2014), ಕಲಬುರಗಿ (2019) ನಗರಗಳಿಗೂ ಕಮಿಷನರೇಟ್ ಬಂತು. ಮೈಸೂರು, ಹುಬ್ಬಳ್ಳಿ-ಧಾರವಾಡದಲ್ಲೂ ಇದೆ.

ಯಾರ ಮೇಲೆ ಯಾರು?

ಬೆಂಗಳೂರಲ್ಲಿ ಠಾಣೆಗೆ ಇನ್ಸ್‌ಪೆಕ್ಟರ್ ಮುಖ್ಯಸ್ಥರು. ಕೆಲವು ಠಾಣೆ ಸೇರಿ ಒಂದು ಉಪವಿಭಾಗ, ಅದಕ್ಕೆ ಎಸಿಪಿ. ಉಪವಿಭಾಗಗಳು ಸೇರಿ ಒಂದು ವಿಭಾಗ, ಅದಕ್ಕೆ ಡಿಸಿಪಿ. ನಮ್ಮಲ್ಲಿ ಡಿವೈಎಸ್ಪಿ ಇದ್ದ ಹಾಗೆ ಅಲ್ಲಿ ಎಸಿಪಿ, ಎಸ್ಪಿ ಇದ್ದ ಹಾಗೆ ಡಿಸಿಪಿ. ಇವರ ಮೇಲೆ ಜಂಟಿ, ಹೆಚ್ಚುವರಿ ಕಮಿಷನರ್‌ಗಳು, ಎಲ್ಲರ ಮೇಲೆ ಕಮಿಷನರ್. ಟ್ರಾಫಿಕ್‌ಗೆ ಬೇರೆ ಠಾಣೆಗಳು. ದೊಡ್ಡ ಕೇಸುಗಳಿಗೆ ಸಿಸಿಬಿ. ಸೈಬರ್ ವಂಚನೆ, ಮಾದಕ ವಸ್ತುಗಳಿಗೆ ಸೆನ್ ಠಾಣೆ.

ಗಡಿ ಎಲ್ಲಿ?

ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಬರೋದು ಉಪ್ಪಾರಪೇಟೆ ಠಾಣೆಗೆ. ರಸ್ತೆ ದಾಟಿದರೆ ಸಿಗುವ ರೈಲ್ವೆ ನಿಲ್ದಾಣ ಮಾತ್ರ ರೈಲ್ವೆ ಪೊಲೀಸರದ್ದು. ಇವರಿಗೆ ಬೇರೆಯೇ ಎಸ್ಪಿ, ನಗರ ಕಮಿಷನರ್ ಕೈಕೆಳಗೆ ಇವರು ಬರಲ್ಲ. ರೈಲಲ್ಲಿ ಕಳುವಾದರೆ ಇವರ ಹತ್ತಿರ ಹೋಗಬೇಕು. ನಮ್ಮ ದಾರಿಯಲ್ಲೇ ಸಿಗುವ ನೆಲಮಂಗಲ, ಬೆಂಗಳೂರು ಗ್ರಾಮಾಂತರ ಎಸ್ಪಿ ವ್ಯಾಪ್ತಿಗೆ ಸೇರಿದ್ದು.

ದೂರು ತಗೊಳ್ಳದಿದ್ರೆ?

ಗಡಿ ಯಾವುದೇ ಇರಲಿ, ಕಳ್ಳತನದಂಥ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇದೇ ಝೀರೋ ಎಫ್‌ಐಆರ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದು ಇದೆ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅದೇ ವಿಷಯ ಬರೆದು ಜಿಲ್ಲೆಯಲ್ಲಾದರೆ ಎಸ್ಪಿಗೆ, ಬೆಂಗಳೂರಲ್ಲಾದರೆ ಡಿಸಿಪಿಗೆ ಅಂಚೆಯಲ್ಲಿ ಕಳಿಸಬಹುದು. ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು.

ಒಂದು ಮಾತು ನೆನಪಿರಲಿ. ಕಳ್ಳತನವಾಗಿದ್ದರೆ "ಕಳೆದುಹೋಗಿದೆ" ಅಂತ ಬರೆದುಕೊಡಬೇಡಿ. ಅದರಿಂದ ಬರೀ ಒಂದು ಸ್ವೀಕೃತಿ ಸಿಗಬಹುದು, ಕಳ್ಳತನದ ಕೇಸ್ ಆಗಲ್ಲ. ತುರ್ತು ಇದ್ದರೆ 112, ಆನ್‌ಲೈನಲ್ಲಿ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.