ಇ-ಮೇಲ್ ಲಗತ್ತುಗಳು: ಪೇಪರ್ ಕ್ಲಿಪ್ ಚಿಹ್ನೆಯ ಕುರಿತು ಅರ್ಜಿದಾರರಿಗೆ ಮಾಹಿತಿ

ಸೇವೆಗಳನ್ನು ಕೋರಿ ಇ-ಮೇಲ್ ಮೂಲಕ ದಾಖಲೆಗಳನ್ನು ಸಲ್ಲಿಸುವ ಅರ್ಜಿದಾರರು, ಪತ್ರದ ಪಕ್ಕದಲ್ಲಿ ಪೇಪರ್ ಕ್ಲಿಪ್ ಚಿಹ್ನೆಯು ಕಂಡುಬಂದಲ್ಲಿ ದಾಖಲೆಗಳು ಸೇರಿಕೊಂಡಿವೆಯೆಂದು ಭಾವಿಸುವುದು ಸಹಜ. ಆದರೆ ಸದರಿ ಚಿಹ್ನೆಯು, ಪತ್ರದ ಆಂತರಿಕ ರಚನೆಯನ್ನು ನೋಡಿ ತಂತ್ರಾಂಶವು ಮಾಡುವ ಊಹೆ ಮಾತ್ರ. ಅದನ್ನೇ ನಂಬಿದಲ್ಲಿ, ಕೊನೆಯ ದಿನಾಂಕದೊಳಗೆ ಕಳುಹಿಸಿದ ಅರ್ಜಿಯೂ ದಾಖಲೆಗಳಿಲ್ಲದ ಅಪೂರ್ಣ ಅರ್ಜಿಯಾಗಿ ಉಳಿಯಬಹುದು.

ಇ-ಮೇಲ್ ಮೂಲತಃ ಸರಳ ಅಕ್ಷರಗಳನ್ನು ಸಾಗಿಸಲು ರೂಪಿತವಾದ ವ್ಯವಸ್ಥೆ. ಒಂದೇ ಪತ್ರದಲ್ಲಿ ಬರಹ, ಚಿತ್ರ ಮತ್ತು ಕಡತಗಳನ್ನು ಬೇರೆ ಬೇರೆ ಭಾಗಗಳಾಗಿ ಕಳುಹಿಸಲು 'ಮೈಮ್' ಎಂಬ ಮಾನಕವು 1990ರ ದಶಕದಲ್ಲಿ ಜಾರಿಗೆ ಬಂದಿತು. ಒಂದು ಭಾಗವನ್ನು ಪತ್ರದೊಳಗೇ ತೋರಿಸಬೇಕೆ ಅಥವಾ ಪ್ರತ್ಯೇಕ ಲಗತ್ತೆಂದು ಪರಿಗಣಿಸಬೇಕೆ ಎಂಬ ಸೂಚನೆಯನ್ನು ನಮೂದಿಸುವ ವಿಧಾನವನ್ನು 1997ರ ಮಾನಕವು ವಿವರಿಸಿದೆ. ಈ ಸೂಚನೆಯು ಕಡ್ಡಾಯವಲ್ಲ. ಪ್ರತಿಯೊಂದು ತಂತ್ರಾಂಶವೂ ಅದನ್ನು ತನ್ನದೇ ರೀತಿಯಲ್ಲಿ ಅರ್ಥೈಸುತ್ತದೆ. ಗೊಂದಲದ ಮೂಲ ಇಲ್ಲಿದೆ.

ಹೀಗಾಗಿ ಪತ್ರದ ಕೊನೆಯಲ್ಲಿ ಹೆಸರು, ವಿಳಾಸದೊಂದಿಗೆ ಬರುವ ಸಂಸ್ಥೆಯ ಲಾಂಛನವನ್ನೂ ಕೆಲವು ತಂತ್ರಾಂಶಗಳು ಲಗತ್ತೆಂದು ಎಣಿಸುತ್ತವೆ. ಡಿಜಿಟಲ್ ಸಹಿ ಮಾಡಿದ ಇ-ಮೇಲ್‌ಗಳಲ್ಲಿ 'ಎಸ್‌ಮೈಮ್.ಪಿ7ಎಸ್' ಎಂಬ ಕಡತವು ಕಾಣಿಸಬಹುದು. ಅದು ಸಹಿಯೇ ಹೊರತು ದಾಖಲೆಯಲ್ಲ. ಔಟ್‌ಲುಕ್ ತಂತ್ರಾಂಶದಲ್ಲಿ 'ರಿಚ್ ಟೆಕ್ಸ್ಟ್' ಮಾದರಿಯಲ್ಲಿ ಕಳುಹಿಸಿದ ಪತ್ರವು ಬೇರೆ ತಂತ್ರಾಂಶದಲ್ಲಿ ತೆರೆದಾಗ 'ವಿನ್‌ಮೇಲ್.ಡ್ಯಾಟ್' ಎಂಬ ಒಂದೇ ಕಡತವಾಗಿ ಕಾಣಬಹುದು. ದಾಖಲೆಯು ಅದರೊಳಗೆ ಇದ್ದರೂ ಸ್ವೀಕರಿಸಿದವರಿಗೆ ತೆರೆಯಲಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ಪತ್ರದ ಮಾದರಿಯನ್ನು 'ಎಚ್‌ಟಿಎಂಎಲ್' ಎಂದು ಬದಲಾಯಿಸಿ ಪುನಃ ಕಳುಹಿಸತಕ್ಕದ್ದು.

ಇದಕ್ಕೆ ವಿರುದ್ಧವಾಗಿ, ಪತ್ರದ ಬರಹದ ನಡುವೆ ಅಂಟಿಸಿದ ಪ್ರಮಾಣಪತ್ರದ ಛಾಯಾಚಿತ್ರಕ್ಕೆ ಚಿಹ್ನೆಯೇ ಕಾಣದಿರಬಹುದು. ದಾಖಲೆಗಳನ್ನು ಹೀಗೆ ಅಂಟಿಸದೆ, ಪಿಡಿಎಫ್ ಕಡತವಾಗಿ ಲಗತ್ತಿಸುವುದು ಸೂಕ್ತ.

ಕಡತದ ಗಾತ್ರವನ್ನೂ ಗಮನಿಸಬೇಕು. ಸಾಗಣೆಗಾಗಿ ಕಡತವನ್ನು ಅಕ್ಷರಗಳಾಗಿ ಪರಿವರ್ತಿಸುವಾಗ ಅದರ ಗಾತ್ರ ಸುಮಾರು ಮೂರನೇ ಒಂದರಷ್ಟು ಹೆಚ್ಚುತ್ತದೆ, 18 ಎಂ.ಬಿ. ಕಡತವು ಸುಮಾರು 24 ಎಂ.ಬಿ. ಆಗುತ್ತದೆ. ಮಿತಿ ಮೀರಿದ ಕಡತವನ್ನು ಜಿಮೇಲ್‌ನಂತಹ ಸೇವೆಗಳು ಲಗತ್ತಿನ ಬದಲು ಕೊಂಡಿಯಾಗಿ ಕಳುಹಿಸುತ್ತವೆ. ವೀಕ್ಷಣೆಗೆ ಅನುಮತಿ ನೀಡದಿದ್ದಲ್ಲಿ ಆ ಕೊಂಡಿಯು ಕಳುಹಿಸಿದವರಿಗೆ ಮಾತ್ರ ತೆರೆಯುತ್ತದೆ, ಕಚೇರಿಗೆ ತೆರೆಯುವುದಿಲ್ಲ.

ಅರ್ಜಿದಾರರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಹಿಂದೆ ಬಂದ ಪತ್ರಕ್ಕೆ 'ರಿಪ್ಲೈ' ಒತ್ತಿ ಉತ್ತರಿಸಿದಾಗ ಅದರಲ್ಲಿದ್ದ ಲಗತ್ತುಗಳು ಸಾಮಾನ್ಯವಾಗಿ ಜೊತೆಯಲ್ಲಿ ಹೋಗುವುದಿಲ್ಲ. 'ಫಾರ್ವರ್ಡ್' ಮಾಡಿದಾಗ ಹೋಗುತ್ತವೆ. ಹಳೆಯ ಪತ್ರದ ಸಾಲಿನಲ್ಲಿ ಕಾಣುವ ಚಿಹ್ನೆಯು ಹಳೆಯ ಪತ್ರದ್ದೇ ಆಗಿರಬಹುದು.

ಆದುದರಿಂದ ಕಳುಹಿಸಿದ ಕೂಡಲೇ 'ಸೆಂಟ್' ವಿಭಾಗದಲ್ಲಿರುವ ಪ್ರತಿಯನ್ನು ತೆರೆದು, ಪ್ರತಿಯೊಂದು ಕಡತವನ್ನೂ ಇಳಿಸಿಕೊಂಡು, ಎಲ್ಲ ಪುಟಗಳೂ ಓದಲು ಬರುತ್ತವೆಯೇ ಎಂದು ಪರಿಶೀಲಿಸುವುದು. ಕಾಗದದ ಅರ್ಜಿಯಲ್ಲಿ ಬರೆಯುವಂತೆಯೇ ಪತ್ರದ ಕೊನೆಯಲ್ಲಿ 'ಅಡಕಗಳು: 3' ಎಂದು ನಮೂದಿಸಿ, ಕಡತಗಳ ಹೆಸರು ಮತ್ತು ಪುಟಗಳ ಸಂಖ್ಯೆಯನ್ನು ಬರೆಯುವುದು. ಹಾಗೆ ಬರೆದಲ್ಲಿ, ಯಾವುದಾದರೂ ಕಡತ ತಲುಪದಿದ್ದಾಗ ಪತ್ರವನ್ನು ಓದಿದವರಿಗೇ ಅದು ಗೊತ್ತಾಗುತ್ತದೆ. ಸ್ವೀಕೃತಿಯನ್ನು ಕೋರುವಾಗ ಪತ್ರ ತಲುಪಿದೆಯೇ ಎಂದಷ್ಟೇ ಕೇಳದೆ, ಅಡಕಗಳು ತೆರೆದಿವೆಯೇ ಎಂದು ಸ್ಪಷ್ಟವಾಗಿ ಕೇಳಿ, ಬಂದ ಉತ್ತರವನ್ನು ಅರ್ಜಿಯ ಪ್ರತಿಯೊಂದಿಗೆ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.