ಕಣ್ಣಪಾಪೆಯಲ್ಲೊಂದು ಬಿಳಿ ಚುಕ್ಕಿ

ರಾತ್ರಿ ಒಂಬತ್ತು ದಾಟಿದರೆ ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಅಮೆರಿಕದ ಕಚೇರಿಗಳ ಜತೆಗಿನ ವಿಡಿಯೊ ಕಾಲ್‌ಗಳ ಹೊತ್ತು. ಲ್ಯಾಪ್‌ಟಾಪಿನ ಹಿಂದಿನ ರಿಂಗ್ ಲೈಟ್ ಹೊತ್ತಿಕೊಂಡರೆ ದಿನವಿಡೀ ದುಡಿದು ಬಾಡಿದ ಮುಖಕ್ಕೂ ಕಳೆ. ಆ ಮುಖದ ಕಣ್ಣುಗಳನ್ನು ಹಿಗ್ಗಿಸಿ ನೋಡಿ, ಒಂದೊಂದರಲ್ಲೂ ಪುಟ್ಟ ಬಳೆಯಂಥ ಬಿಳಿ ಉಂಗುರ. ಸಿನಿಮಾದವರು ಇದನ್ನು ಕ್ಯಾಚ್ ಲೈಟ್ ಎನ್ನುತ್ತಾರೆ. ಕಪ್ಪು-ಬಿಳುಪಿನ ಕಾಲದಲ್ಲಿ ಅದು ಸಾಸಿವೆ ಕಾಳಿನಷ್ಟು ಚುಕ್ಕಿ. ಇಡಬೇಕೋ ಬೇಡವೋ ಎಂದು ಛಾಯಾಗ್ರಾಹಕರು ತಲೆ ಕೆಡಿಸಿಕೊಳ್ಳುತ್ತಿದ್ದ ಚುಕ್ಕಿ.

ಕಣ್ಣು ಒದ್ದೆಯಾದ ಉಬ್ಬುಗನ್ನಡಿ. ಎದುರಿನ ದೀಪವನ್ನು ಅದು ಚಿಕ್ಕದಾಗಿ ತೋರಿಸುತ್ತದೆ, ಕಿಟಕಿಯಿದ್ದರೆ ಕಿಟಕಿಯನ್ನೇ. ಕನ್ನಡಿಗೆ ದೀಪ ಕಂಡರೆ ಸಾಕು, ಪ್ರಖರವಾಗಿರಬೇಕಿಲ್ಲ. ಹಾಗಾಗಿ ಕೆನ್ನೆಯ ನೆರಳು ಕೆಡದಂತೆ, ಕ್ಯಾಮೆರಾ ಪಕ್ಕದ ಮಂದ ದೀಪವೊಂದರಿಂದ ಕಣ್ಣನ್ನಷ್ಟೇ ಬೆಳಗಿಸಬಹುದು. ನಮ್ಮ ಕಡೆಯ ಕಪ್ಪು ಕಣ್ಣುಗಳಿಗಂತೂ ಇದು ಬೇಕೇ ಬೇಕು. ಬಣ್ಣವಿಲ್ಲದ ಫಿಲ್ಮಿನಲ್ಲಿ ಪಾಪೆಯೂ ಅದರ ಸುತ್ತಲಿನ ಕಂದೂ ಒಂದೇ ಕಪ್ಪಾಗಿಬಿಡುತ್ತವೆ. ಚುಕ್ಕಿ ಇಲ್ಲದಿದ್ದರೆ ಕಣ್ಣಿನ ಜಾಗದಲ್ಲಿ ಎರಡು ಕುಳಿ. ವಿಗ್ರಹ ಕೆತ್ತುವವರು ಕಣ್ಣು ತೆರೆಸುವ ಕೆಲಸವನ್ನು ಕೊನೆಗೆಂದು ಉಳಿಸಿಕೊಳ್ಳುವುದು ಸುಮ್ಮನೆ ಅಲ್ಲ.

ಹಾಲಿವುಡ್ಡಿನಲ್ಲಿ ಈ ದೀಪಕ್ಕೆ ಹೆಸರೇ ಬಂತು. ಮುಂಬೈಯಲ್ಲಿ ಹುಟ್ಟಿ ಕೋಲ್ಕತ್ತದಲ್ಲಿ ಬೆಳೆದ ನಟಿ ಮೆರ್ಲ್ ಒಬೆರಾನ್ 1937ರಲ್ಲಿ ಲಂಡನ್ನಿನ ಕಾರು ಅಪಘಾತದಲ್ಲಿ ಗಾಯಗೊಂಡಿದ್ದರು. 1944ರ ‘ದಿ ಲಾಡ್ಜರ್’ ಚಿತ್ರದಲ್ಲಿ ಛಾಯಾಗ್ರಾಹಕ ಲೂಸಿಯನ್ ಬಲಾರ್ಡ್ ಅವರ ಮುಖದ ಆ ಕಲೆ ಮರೆಸಲು ಲೆನ್ಸಿನ ಹತ್ತಿರವೇ ದೀಪ ಕೂರಿಸಿದರು. ಒಬೆರಾನ್ ಹೆಸರು ಹೊತ್ತ ಆ ದೀಪವೇ ‘ಓಬಿ’. ಕಣ್ಣಿನ ಹೊಳಪು ಅದರ ಜತೆಗೇ ಬಂದ ಲಾಭ. ರಿಂಗ್ ಲೈಟಿನ ಅಜ್ಜಿ ಎನ್ನಬಹುದೇನೋ. ಆದರೆ ಕನ್ನಡಕದವರಿಗೆ ಮೊಮ್ಮಗಳ ಕಾಟ ತಪ್ಪಿದ್ದಲ್ಲ: ಉಂಗುರ ಗಾಜಿನ ಮೇಲೇ ಬಿದ್ದು ಕಣ್ಣನ್ನು ಮುಚ್ಚುತ್ತದೆ. ದೀಪವನ್ನು ಒಂದು ಗೇಣು ಮೇಲೆತ್ತಿ, ಪಕ್ಕಕ್ಕೆ ಸರಿಸಬೇಕು.

ನೆರಳು ಬೆಳಕಿನ ಮಾತು ಬಂದರೆ ಕನ್ನಡಿಗರಿಗೆ ನೆನಪಾಗುವ ಹೆಸರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಪಿಟೀಲು ಬಲ್ಲವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಮುಂಬೈಯಲ್ಲಿ ಗುರುದತ್ ಅವರ ಕಣ್ಣಿಗೆ ಬಿದ್ದ ಮೇಲೆ ‘ಪ್ಯಾಸಾ’ (1957), ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959). ಈ ಎರಡನೆಯದರಲ್ಲಿ ಕತ್ತಲ ಸ್ಟುಡಿಯೊವನ್ನು ಸೀಳಿ ಬರುವ ಬೆಳಕಿನ ಕೋಲು ನಿಜವಾದ ಬಿಸಿಲೇ. ಎರಡು ದೊಡ್ಡ ಕನ್ನಡಿಗಳಿಂದ ಒಳಗೆ ತಂದದ್ದು. ಎಲ್ಲರೂ ಹೊಗಳುವುದು ಅದನ್ನು.

ಆದರೆ ಅವರ ಕೈಚಳಕ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರದ ಮುಖಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಹವೇಲಿಯ ಕಿರಿ ಸೊಸೆ ಛೋಟಿ ಬಹೂ ಮೊದಲು ಎದುರಾಗುವಾಗ ಕಥಾನಾಯಕ ಭೂತನಾಥ ತಲೆ ತಗ್ಗಿಸಿಕೊಂಡೇ ಇರುತ್ತಾನೆ. ನಮಗೂ ಕಾಣುವುದು ಪಾದಗಳು. ಆಮೇಲೆ ಅವನು ಕಣ್ಣೆತ್ತುತ್ತಾನೆ, ಮೀನಾ ಕುಮಾರಿಯ ಮುಖ ಬರುತ್ತದೆ. ಅಷ್ಟು ಕಾಯಿಸಿದ ಮೇಲೆ ಆ ಕಣ್ಣುಗಳು ಮಂಕಾಗಿದ್ದರೆ ದೃಶ್ಯ ಅಲ್ಲೇ ಬಿದ್ದುಹೋಗುತ್ತಿತ್ತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕನೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಬೇರೆಯೇ ದಾರಿಯದು. ಎಸ್. ರಾಮಚಂದ್ರ ಅವರ ಕ್ಯಾಮೆರಾಕ್ಕೆ ತಾರೆಯ ಅಂದ ಕಾಯುವ ಹೊಣೆ ಇರಲಿಲ್ಲ. ಹುಡುಗ ನಾಣಿ ನೋಡಿದ್ದನ್ನು ನಾವೂ ನೋಡುವಂತಾದರೆ ಸಾಕಿತ್ತು. ಈ ಚಿತ್ರದ 4ಕೆ ಪುನಶ್ಚೇತನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಹಳೆಯ ಫಿಲ್ಮನ್ನು ಹೀಗೆ ತೊಳೆಯುವಾಗ ಒಂದು ಫಜೀತಿ ಇದೆ. ನೆಗೆಟಿವ್ ಮೇಲಿನ ಧೂಳು ತೆರೆಯಲ್ಲಿ ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಒಂದೇ ಫ್ರೇಮಿನಲ್ಲಿ ಮಿಂಚಿ ಮಾಯವಾಗುವ ಬಿಳಿಯನ್ನೆಲ್ಲ ಸಾಫ್ಟ್‌ವೇರ್ ಕಸವೆಂದು ತಿಳಿದು ಅಳಿಸಹೊರಡುತ್ತದೆ. ರೆಪ್ಪೆ ಬಡಿದಾಗ, ತಲೆ ಹೊರಳಿದಾಗ ಕಣ್ಣಿನ ಹೊಳಪೂ ಹಾಗೇ ಮಿಂಚುತ್ತದಲ್ಲ! ಅದಕ್ಕೇ ಮುಖ ಹತ್ತಿರ ಬಂದ ಕಡೆಯೆಲ್ಲ ಒಬ್ಬರು ಕೂತು ಫ್ರೇಮ್ ಫ್ರೇಮಾಗಿ ನೋಡಬೇಕು, ಧೂಳು ಯಾವುದು, ದೀಪ ಯಾವುದು ಎಂದು.